ನೀಲಿ ಬೆಳಕಿನ ಹರಳು

ಎಲ್‌ಇಡಿ ಬಲ್ಬಿನೊಳಗೆ ಕಾದು ಕೆಂಪಾಗುವ ತಂತಿ ಇಲ್ಲ. ಅರೆವಾಹಕದ ಹರಳಿನಲ್ಲಿ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿಯುತ್ತದೆ. ಕಳೆದುಕೊಂಡ ಶಕ್ತಿ ಬೆಳಕಿನ ಕಣವಾಗಿ ಹೊರಬೀಳುತ್ತದೆ. ಮಟ್ಟಗಳ ನಡುವಿನ ಅಂತರ ಎಷ್ಟೋ, ಬಣ್ಣ ಅದರಂತೆ. ಕ್ವಾಂಟಮ್ ಸಿದ್ಧಾಂತದ ಈ ಲೆಕ್ಕ ಕಾಗದದ ಮೇಲೆ ಸಲೀಸು.

ಕೆಂಪು ಎಲ್‌ಇಡಿ 1962ರಲ್ಲೇ ಬಂತು. ನೀಲಿಗೆ ಇನ್ನೂ ದೊಡ್ಡ ಅಂತರ ಬೇಕು. ಗ್ಯಾಲಿಯಂ ನೈಟ್ರೈಡ್ ಆದೀತೆಂದು ಗೊತ್ತಿತ್ತು, ಆದರೆ ಅದರ ಒಳ್ಳೆಯ ಹರಳೇ ಬೆಳೆಯುತ್ತಿರಲಿಲ್ಲ. ಬಹಳ ಮಂದಿ ಕೈಚೆಲ್ಲಿದರು. ಜಪಾನಿನ ನಗೋಯಾದಲ್ಲಿ ಇಸಾಮು ಅಕಾಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ ಬಿಡಲಿಲ್ಲ. ನೀಲಮಣಿಯ ಬಿಲ್ಲೆಗೆ ಮೊದಲು ಅಲ್ಯೂಮಿನಿಯಂ ನೈಟ್ರೈಡಿನ ತೆಳುಪದರ ಹಾಸಿ, ಅದರ ಮೇಲೆ ಹರಳು ಬೆಳೆಸಿದರು. 1986ರಲ್ಲಿ ಅದು ನಯವಾಗಿ ಕೈಗೂಡಿತು. ನನಗೆ ತುಂಬ ಹಿಡಿಸುವುದು ಈ ಹಂತವೇ. ಇಲ್ಲಿ ಗೆದ್ದದ್ದು ಸಮೀಕರಣದಷ್ಟೇ ಕೈಹದವೂ ಹೌದು. ನಿಚಿಯಾ ಕಂಪನಿಯಲ್ಲಿ ಶೂಜಿ ನಕಾಮುರಾ ಹರಳು ಬೆಳೆಸುವ ಯಂತ್ರವನ್ನು ತಾವೇ ಮಾರ್ಪಡಿಸಿಕೊಂಡು, 1993ರಲ್ಲಿ ಪ್ರಖರ ನೀಲಿ ದೀಪ ಬೆಳಗಿಸಿದರು.

ಆ ನೀಲಿಗೆ ಹಳದಿಯಾಗಿ ಹೊಳೆಯುವ ಫಾಸ್ಫರ್ ಲೇಪಿಸಿದರೆ ಕಣ್ಣಿಗೆ ಬಿಳಿ ಬೆಳಕು. ಮನೆಯ ಬಲ್ಬು, ಬೀದಿದೀಪ, ಮೊಬೈಲಿನ ಟಾರ್ಚು ಎಲ್ಲಕ್ಕೂ ಮೂಲ ಇದೇ. ಮೂವರಿಗೂ 2014ರ ಭೌತವಿಜ್ಞಾನ ನೊಬೆಲ್ ಸಂದಿತು.