ಮೆಟಲ್ ಸಂಗೀತದ ತಿಟ್ಟುಗಳು: ಹೆಸರು ಮತ್ತು ಕಿವಿ

2025ರ ಜುಲೈ 22ರಂದು ಗಾಯಕ ಆಝಿ ಆಸ್ಬರ್ನ್ ತೀರಿಕೊಂಡರು. ಆ ವಾರಾಂತ್ಯ ನಾನು ಮಗಳನ್ನು ಕರೆದುಕೊಂಡು ಬರ್ಮಿಂಗ್‌ಹ್ಯಾಮ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿರುವ ಬ್ಲ್ಯಾಕ್ ಸಬತ್ ಸೇತುವೆಗೆ ಹೋಗಿದ್ದೆ. ಹೂವಿನ ರಾಶಿಯ ಪಕ್ಕದಲ್ಲೇ ನಿಂತು ಇಬ್ಬರು ಹಿರಿಯ ಅಭಿಮಾನಿಗಳು ವಾದಿಸುತ್ತಿದ್ದರು: ಸಬತ್ ತಂಡದ್ದು ಹೆವಿ ಮೆಟಲ್ಲೋ, ಡೂಮ್ ಮೆಟಲ್ಲೋ? "ಸಾವಿನ ಮನೆಯಲ್ಲೂ ಇದೇ ಚರ್ಚೆಯಾ ಅಪ್ಪ?" ಎಂದು ಮಗಳು ನಕ್ಕಳು. ನನಗೆ ಮಾತ್ರ ನಮ್ಮ ಕುಂದಾಪುರದ ಕಡೆ ಆಟ ಮುಗಿದ ಬೆಳಗಿನ ಜಾವ ಚಹಾದಂಗಡಿಯಲ್ಲಿ ನಡೆಯುತ್ತಿದ್ದ ಬಡಗುತಿಟ್ಟು–ತೆಂಕುತಿಟ್ಟಿನ ಜಗಳ ನೆನಪಾಯಿತು.

ಹೊರಗಿನವರ ಕಿವಿಗೆ ಮೆಟಲ್ ಎಂದರೆ ಒಂದೇ ಗದ್ದಲ. ಗದ್ದಲದಲ್ಲಿ ಎಂಥ ಒಳಭೇದ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಚೆಂಡೆಯ ನಾದ ಕೇಳಿಯೇ ತಿಟ್ಟು ಗುರುತಿಸುವವನಿಗೆ ಆ ಭೇದ ಬರೀ ಹೆಸರಲ್ಲ, ವರ್ಷಗಟ್ಟಲೆ ಕೇಳಿದ್ದರ ಫಲ. ಮೆಟಲ್ ಅಭಿಮಾನಿಗಳ ಉಪಪ್ರಕಾರದ ಚರ್ಚೆಯನ್ನೂ ನಾನು ವಿಮರ್ಶೆಯೆಂದೇ ಭಾವಿಸುತ್ತೇನೆ. ಅದು ಯಾವಾಗ ವಿಮರ್ಶೆಯಾಗುತ್ತದೆ, ಯಾವಾಗ ಬರೀ ಬೇಲಿಯಾಗುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ಬಂದದ್ದು ಹೆಸರಲ್ಲ, ನಾದ. ಇದೇ ಊರಿನ ಟೋನಿ ಅಯೋಮಿ ಹದಿಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯಿಂದ ಮೀಟುವ ಅವರಿಗೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. 1970ರ ಫೆಬ್ರವರಿ 13ರಂದು ಹೊರಬಂದ ಅವರ ಮೊದಲ ಆಲ್ಬಮ್‌ನ ಮೊದಲ ಹಾಡಿನ ಮುಖ್ಯ ರಿಫ್ ನಿಂತಿರುವುದು ಮೂರೇ ಸ್ವರಗಳ ಮೇಲೆ: ಷಡ್ಜ, ಮೇಲಿನ ಷಡ್ಜ, ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ನಮಗೆ ಮಂಗಳಕರವಾಗಿ ಕೇಳುವ ಆ ಮಧ್ಯಮ ಇಲ್ಲಿ ಭಯ ಹುಟ್ಟಿಸುತ್ತದೆ. ಈ ನಿಧಾನ, ಈ ಭಾರವನ್ನು ಮುಂದಿನವರು ಬೆಳೆಸಿದರು. 1986ರಲ್ಲಿ ಸ್ವೀಡನ್ನಿನ ಕ್ಯಾಂಡಲ್‌ಮಾಸ್ ತಂಡ 'ಎಪಿಕಸ್ ಡೂಮಿಕಸ್ ಮೆಟಾಲಿಕಸ್' ಎಂದು ತನ್ನ ಆಲ್ಬಮ್‌ಗೇ ಹೆಸರಿಡುವ ಹೊತ್ತಿಗೆ 'ಡೂಮ್' ಒಂದು ತಿಟ್ಟಾಗಿತ್ತು. ಹಾಗಾಗಿ ಸೇತುವೆಯ ಮೇಲಿನ ಆ ಇಬ್ಬರೂ ಸರಿ. ಒಬ್ಬರು ಬೇರನ್ನು ಹೇಳುತ್ತಿದ್ದರು, ಇನ್ನೊಬ್ಬರು ಕೊಂಬೆಯನ್ನು.

ಒಳ್ಳೆಯ ಹೆಸರು ಎಲ್ಲಿ ಕಿವಿಗೊಡಬೇಕೆಂದು ತೋರಿಸುತ್ತದೆ. ಡೂಮ್ ಎಂದಾಗ ವಿಳಂಬ ಕಾಲ. ಥ್ರ್ಯಾಶ್ ಎಂದಾಗ ಕತ್ತರಿಸಿದಂಥ ವೇಗದ ಮೀಟು. ಸ್ಲೇಯರ್ ತಂಡದ 'ರೇನ್ ಇನ್ ಬ್ಲಡ್' (1986) ಹತ್ತು ಹಾಡುಗಳನ್ನು ಸುಮಾರು 29 ನಿಮಿಷದಲ್ಲಿ ಮುಗಿಸುತ್ತದೆ. ಡೆತ್ ಮೆಟಲ್‌ನಲ್ಲಿ ಹೊಟ್ಟೆಯಾಳದ ಗುಡುಗು ದನಿ. ನಾರ್ವೆಯ ಬ್ಲ್ಯಾಕ್ ಮೆಟಲ್‌ನಲ್ಲಿ ಕಿರುಚು ದನಿ, ಬಿಡುವಿಲ್ಲದ ಮೀಟು, ಬೇಕೆಂದೇ ಒರಟಾಗಿ ಉಳಿಸಿದ ಧ್ವನಿಮುದ್ರಣ.

ಆದರೆ ಹೆಸರೇ ಪ್ರಮಾಣವಲ್ಲ. ನ್ಯೂಕ್ಯಾಸಲ್‌ನ ವೆನಮ್ ತಂಡ 1982ರಲ್ಲಿ 'ಬ್ಲ್ಯಾಕ್ ಮೆಟಲ್' ಎಂಬ ಆಲ್ಬಮ್ ತಂದಿತು. ಪ್ರಕಾರಕ್ಕೆ ಹೆಸರು ಸಿಕ್ಕಿದ್ದು ಅದರಿಂದಲೇ. ಆದರೂ ಹತ್ತು ವರ್ಷದ ನಂತರದ ಡಾರ್ಕ್‌ಥ್ರೋನ್‌ನ 'ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ' ಜೊತೆ ಇಟ್ಟು ಕೇಳಿದರೆ ವೆನಮ್ ಥ್ರ್ಯಾಶ್‌ನ ಅಣ್ಣನಂತೆ ಕೇಳಿಸುತ್ತದೆ. ಹೆಸರು ಕೊಟ್ಟವರೇ ಆ ಹೆಸರಿನೊಳಗೆ ಇದ್ದಾರೋ ಇಲ್ಲವೋ ಎಂದು ಅಭಿಮಾನಿಗಳು ಇಂದಿಗೂ ಕಾದಾಡುತ್ತಾರೆ. ಎರಡನ್ನೂ ಕೇಳಿಸಿಕೊಂಡೇ ಆಡಬೇಕಾದ ಜಗಳವಾದ್ದರಿಂದ ಇದನ್ನು ನಾನು ವ್ಯರ್ಥವೆನ್ನಲಾರೆ.

ವ್ಯರ್ಥವಾದ ಜಗಳ ಬೇರೆಯದಿದೆ. ಅದನ್ನು ನಾನೇ ಆಡಿದ್ದೇನೆ. ಸೇತುವೆಯಿಂದ ಮರಳುವಾಗ ಮಗಳು ಕಾರಿನಲ್ಲಿ ಸ್ಲೀಪ್ ಟೋಕನ್ ಎಂಬ ಲಂಡನ್ ತಂಡದ 'ದ ಸಮ್ಮನಿಂಗ್' ಹಾಕಿದಳು. ಅರ್ಧ ನಿಮಿಷವೂ ಕೇಳದೆ "ಇದು ಮೆಟಲ್ ಅಲ್ಲ" ಎಂದುಬಿಟ್ಟೆ. ಅವಳು ಮರುಮಾತಾಡದೆ ಹಾಡು ನಿಲ್ಲಿಸಿದಳು. ಆಮೇಲೆ ಹಲವು ವಾರ ಕಾರಿನಲ್ಲಿ ಏನನ್ನೂ ಹಾಕಲಿಲ್ಲ.

ಕೀತ್ ಕಾನ್-ಹ್ಯಾರಿಸ್ 'ಎಕ್ಸ್‌ಟ್ರೀಮ್ ಮೆಟಲ್' (2007) ಎಂಬ ಅಧ್ಯಯನದಲ್ಲಿ ಮೆಟಲ್ ವಲಯದೊಳಗಿನ ಪ್ರತಿಷ್ಠೆಯನ್ನು ಒಂದು ಬಗೆಯ ಬಂಡವಾಳವೆಂದು ವಿವರಿಸುತ್ತಾರೆ. ಅಂದು ನಾನು ಚಲಾಯಿಸಿದ್ದು ಆ ಬಂಡವಾಳವನ್ನೇ. ತಮಾಷೆಯೆಂದರೆ, ತೊಂಬತ್ತರ ದಶಕದ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನನ್ನ ಕೈಗೆ ಬಂದ ನಕಲು ಕ್ಯಾಸೆಟ್‌ನ ಒಂದು ಬದಿಯಲ್ಲಿ ಐರನ್ ಮೇಡನ್, ಇನ್ನೊಂದು ಬದಿಯಲ್ಲಿ ಸ್ಲೇಯರ್ ಇತ್ತು. ಯಾವುದು ಯಾವ ಪ್ರಕಾರವೆಂದು ಕ್ಯಾಸೆಟ್ ಕೊಟ್ಟವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗಲೂ ಯಾರೂ ನನ್ನನ್ನು ಪರೀಕ್ಷೆ ಮಾಡಿ ಒಳಗೆ ಬಿಟ್ಟಿರಲಿಲ್ಲ.

ಕೊನೆಗೆ ಆ ಹಾಡನ್ನು ಒಬ್ಬನೇ ಕೂತು ಪೂರ್ತಿ ಕೇಳಿದೆ. ಆರು ನಿಮಿಷ ಮೀರಿದ ಹಾಡು. ಮುಕ್ಕಾಲು ಪಾಲು ಭಾರವಾದ ಗಿಟಾರ್. ಕೊನೆಯಲ್ಲಿ ಅದೆಲ್ಲ ಕರಗಿ ಸೊಂಟ ಕುಣಿಸುವ ಫಂಕ್ ಲಯ. ಆ ತಿರುವು ನನಗೆ ಈಗಲೂ ಒಪ್ಪಿಗೆಯಾಗಿಲ್ಲ: ಅಷ್ಟು ಹೊತ್ತು ಕಟ್ಟಿದ ಬಿಗುವನ್ನು ಹಾಡು ಸುಲಭವಾಗಿ ಕೈಬಿಡುತ್ತದೆ. ಮಗಳಿಗೆ ಇದನ್ನೇ ಹೇಳಿದೆ. "ಅದಕ್ಕೇ ನಂಗೆ ಇಷ್ಟ. ಬಿಗಿ ಹಿಡಿದಿದ್ದ ಉಸಿರು ಬಿಟ್ಟ ಹಾಗಾಗತ್ತೆ" ಎಂದಳು. ನಮ್ಮ ಅಭಿಪ್ರಾಯ ಕೂಡಲಿಲ್ಲ. ಆದರೆ ಮನೆ ಮುಟ್ಟುವವರೆಗೆ ಮಾತು ನಿಲ್ಲಲಿಲ್ಲ, ಮತ್ತು ಮೆಟಲ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಆ ಮಾತಿನಲ್ಲಿ ಒಮ್ಮೆಯೂ ಬರಲಿಲ್ಲ.