ಹವಾ, ಹವ್ವಾ ಮತ್ತು ಹೂಮರ

ಉರ್ದುವಿನಲ್ಲಿ ‘ಹವಾ’ ಅಂದ್ರೆ ಗಾಳಿ, ‘ಹವ್ವಾ’ ಅಂದ್ರೆ ಆದಿಮಾತೆ. ಲಾಹೋರಿನಲ್ಲಿ ಹುಟ್ಟಿದ ಶಹಜಿಯಾ ಸಿಕಂದರ್ ತಮ್ಮ 2023ರ ನ್ಯೂಯಾರ್ಕ್ ಪ್ರದರ್ಶನದ ಹೆಸರಿನಲ್ಲಿ ಎರಡೂ ಅರ್ಥ ಬೆರೆಸಿದರು. ಅಲ್ಲಿದ್ದ 18 ಅಡಿಯ ‘ವಿಟ್ನೆಸ್’ ಶಿಲ್ಪದ ಹೆಣ್ಣಿಗೆ ಟಗರುಕೊಂಬಿನಂಥ ಜಡೆ, ಬೇರಿನಂಥ ಕೈಕಾಲು. ಕೊಂಬು ನೋಡಿ ಕೆಲವರು ಸೈತಾನ ಅಂದರು. 2024ರ ಜುಲೈನಲ್ಲಿ ಹ್ಯೂಸ್ಟನ್‌ನಲ್ಲಿ ಯಾರೋ ಅದರ ತಲೆ ಕಡಿದರು. ರಿಪೇರಿ ಬೇಡ ಅಂದರು ಸಿಕಂದರ್.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯಲ್ಲೂ ಹುಡುಗಿ ಹೂಮರವಾಗ್ತಾಳೆ. ಬೇರೆಯವರು ಕೊಂಬೆ ಮುರಿದಾಗ ಕೈಕಾಲಿಲ್ಲದೆ ಉಳೀತಾಳೆ. ಕೊನೆಗೆ ಗಂಡ ಕೊಂಬೆ ಸರಿಮಾಡಿ, ನೀರು ಹೊಯ್ದು ಉಳಿಸಬೇಕು. ಸಿಕಂದರ್ ಹೆಣ್ಣು ಯಾರಿಗೂ ಕಾಯೋದಿಲ್ಲ. ಗಾಯ ಮುಚ್ಚಿದರೆ ಕಡಿದವರ ಕೆಲಸವೂ ಮುಚ್ಚಿಹೋಗ್ತದೆ. ಶಿಲ್ಪದ ಹೆಸರೇ ಸಾಕ್ಷಿ ಅಲ್ವಾ?