ಅನಾಥಧರ್ಮದ ಭಾಷೆ: ಇಂಗ್ಲಿಷ್ ಬೈಬಲ್ಲೂ ಅರಬ್ಬೀ ಕುರಾನೂ

ಧರ್ಮಗ್ರಂಥಗಳು ಅನಾಥರಕ್ಷಣೆಯನ್ನು ವಿಧಿಸುವುವೆಂಬುದು ಸರ್ವವಿದಿತ. ಆದರೆ ಆ ವಿಧಿಯು ಯಾವ ಪದಗಳಲ್ಲಿ ಮೈದಾಳಿದೆಯೆಂಬುದನ್ನು ಪರಿಶೀಲಿಸಿದಲ್ಲದೆ ಅದರ ಭಾರವು ತಿಳಿಯದು. 1611ರ ಇಂಗ್ಲಿಷ್ ಬೈಬಲನ್ನೂ ಅರಬ್ಬೀ ಕುರಾನನ್ನೂ ಈ ದೃಷ್ಟಿಯಿಂದ ಇಲ್ಲಿ ಹೋಲಿಸಲಾಗಿದೆ.

ಮೊದಲು ನಾಮಪದ. ಅರಬ್ಬಿಯಲ್ಲಿ 'ಯತೀಮ್' ಎಂದರೆ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳೆದುಕೊಂಡ ಮಗು. ಪಶುಗಳಲ್ಲಾದರೆ ತಾಯಿಯನ್ನು ಕಳೆದುಕೊಂಡ ಮರಿ ಎಂಬುದು ನಿಘಂಟುಕಾರರ ಮತ. ಒಂಟಿತನದ ಅರ್ಥವೂ ಆ ಪದಕ್ಕುಂಟು. ಎಣೆಯಿಲ್ಲದ ಮುತ್ತಿಗೂ ಅದೇ ವಿಶೇಷಣ. ಇದರ ಸೋದರಪದವಾದ ಹೀಬ್ರೂ 'ಯಾತೋಮ್' ಎಂಬುದನ್ನು ಇಂಗ್ಲಿಷ್ ಅನುವಾದಕರು ಬಹುಮಟ್ಟಿಗೆ 'ಫಾದರ್‌ಲೆಸ್' ಎಂದೇ ಅನುವಾದಿಸಿದರು. ಗ್ರೀಕ್ ಮೂಲದ 'ಆರ್ಫನ್' ಅವರಲ್ಲಿ ವಿರಳ. ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯದ ಮೂಲದಲ್ಲಿ ಆ ಗ್ರೀಕ್ ಪದವೇ ಇದ್ದರೂ ಅವರು ಬಳಸಿದುದು 'ಕಂಫರ್ಟ್‌ಲೆಸ್' ಎಂಬುದನ್ನು. ಸ್ಥಿತಿಯನ್ನು ಸೂಚಿಸುತ್ತಿದ್ದ ಪದದ ಸ್ಥಾನಕ್ಕೆ ಭಾವವನ್ನು ಸೂಚಿಸುವ ಪದವು ಬಂದಿತು.

ಕ್ರಿಯಾಪದಗಳಲ್ಲಿ ಭೇದವು ಇನ್ನೂ ಸ್ಪಷ್ಟ. ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಅನಾಥರ ವಿಷಯದ ಕರ್ತವ್ಯವನ್ನು ಹೇಳುವ ಪದ 'ವಿಸಿಟ್'. ಗ್ರೀಕಿನಲ್ಲಿ ಅದಕ್ಕೆ ವಿಚಾರಿಸಿ ನೋಡಿಕೊಳ್ಳುವುದೆಂಬ ಅರ್ಥ. ಇಂದಿನ ಇಂಗ್ಲಿಷ್ ಓದುಗನಿಗಾದರೋ ಹೋಗಿ ಕಂಡುಬರುವುದೆಂದಷ್ಟೇ ತೋರುವುದು. ಕುರಾನಿನ 4ನೆಯ ಅಧ್ಯಾಯದ ಭಾಷೆ ಲೆಕ್ಕಪತ್ರದ ಭಾಷೆ. ಅನಾಥನ ಸ್ವತ್ತನ್ನು ತನ್ನದರೊಡನೆ ಬೆರೆಸಿ ನುಂಗಬಾರದು; 'ರುಶ್ದ್', ಎಂದರೆ ವಿವೇಕ, ಕಂಡಮೇಲೆ ಸಾಕ್ಷಿಗಳ ಮುಂದೆ ಒಪ್ಪಿಸಬೇಕು; ಬಡವನಾದ ಪೋಷಕನು ನ್ಯಾಯವಾದಷ್ಟನ್ನು ಮಾತ್ರ ಬಳಸಬಹುದು. ಇಲ್ಲಿ ಅನಾಥನು ಭಿಕ್ಷಾಪಾತ್ರನಲ್ಲ, ಹಕ್ಕುದಾರ.

ಇಷ್ಟರಿಂದ ಒಂದು ಕರುಣೆಯ ಭಾಷೆ, ಇನ್ನೊಂದು ಕಾನೂನಿನ ಭಾಷೆ ಎಂದು ತೀರ್ಮಾನಿಸುವುದು ಅವಸರ. ಯೆಶಾಯನ ಮೊದಲನೆಯ ಅಧ್ಯಾಯದಲ್ಲಿ ಇಂಗ್ಲಿಷ್ ಬೈಬಲ್ ಅನಾಥರ ಸಂಬಂಧವಾಗಿ ಬಳಸುವ ಕ್ರಿಯಾಪದ 'ಜಡ್ಜ್'. ಅದು ನ್ಯಾಯಸ್ಥಾನದ ಮಾತೇ. ಅತ್ತ ಕುರಾನಿನ 93ನೆಯ ಅಧ್ಯಾಯವು ಪ್ರವಾದಿಯ ಅನಾಥಬಾಲ್ಯವನ್ನೇ ನೆನಪಿಸಿ ಅನಾಥನನ್ನು ಪೀಡಿಸದಿರೆಂದು ವಿಧಿಸುವುದು. 2ನೆಯ ಅಧ್ಯಾಯವು ಅನಾಥರನ್ನು ಸೋದರರೆನ್ನುವುದು. ಎರಡರಲ್ಲಿಯೂ ನ್ಯಾಯವುಂಟು, ದಯೆಯುಂಟು; ಒತ್ತು ಬೀಳುವ ಸ್ಥಾನ ಮಾತ್ರ ಬೇರೆ.

ಕನ್ನಡಿಸುವವರಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುವುದು. ನಮ್ಮ 'ಅನಾಥ'ನು ನಾಥನಿಲ್ಲದವನು; ತಂದೆತಾಯಿಗಳುಳ್ಳ ನಿರ್ಗತಿಕನಿಗೂ ಆ ಮಾತು ಸಲ್ಲುವುದು. 'ತಬ್ಬಲಿ'ಯು ಕೇಳಿದೊಡನೆ ಕನಿಕರವನ್ನು ಹುಟ್ಟಿಸುವುದು. 'ಯತೀಮ್' ಎಂಬುದಕ್ಕೆ ಇವೆರಡರಲ್ಲಿ ಒಂದನ್ನು ವಿವರಣೆಯಿಲ್ಲದೆ ಇಟ್ಟರೆ ಕನಿಕರವು ಉಳಿದು ಲೆಕ್ಕವು ಮರೆಯಾದೀತು. ಲೆಕ್ಕವು ಮರೆಯಾದಲ್ಲಿ ನಷ್ಟವು ಮಗುವಿಗೇ.